ಮರವನ್ನಪ್ಪಿದ ಜರೀಗಿಡ



ಮಲೆನಾಡಿನಲ್ಲಿ ಪ್ರಯಾಣ ಮಾಡಿದವರೆಲ್ಲರೂ ಒಂದು ನೋಟವನ್ನು ಕಂಡಿರಬೇಕು. ದಾರಿಯ ಪಕ್ಕದಲ್ಲಿ ಒಂದು ಮುದಿ ಹಲಸಿನ ಮರವೋ ಮಾವಿನ ಮರವೋ ನಿಂತಿರುತ್ತದೆ. ಅದರ ಕವಲುಗಳ ಸಂದಿಯಲ್ಲಿ, ಕೊಂಬೆಗಳ ಮೈಮೇಲೆ, ಯಾರೋ ಬುಟ್ಟಿಗಳನ್ನು ಸಾಲಾಗಿ ಕಟ್ಟಿಟ್ಟಂತೆ ಕಂದು ಬಣ್ಣದ ಒಣ ಎಲೆಗಳ ಗುಂಪುಗಳು ಕಾಣುತ್ತವೆ. ಆ ಬುಟ್ಟಿಗಳ ಒಳಗಿನಿಂದ ಹಸುರಾದ ಉದ್ದುದ್ದ ಗರಿಗಳು ಹೊರಚಾಚಿ ಗಾಳಿಗೆ ತೂಗುತ್ತಿರುತ್ತವೆ. ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು ಇಷ್ಟೆ: “ಪಾಪ, ಮರಕ್ಕೆ ಬಂದಳಿಕೆ ಹಿಡಿದಿದೆ. ಒಣಗಿದ ಕಸವೆಲ್ಲಾ ಅದರ ಮೇಲೆಯೇ ನಿಂತಿದೆ. ಯಾರಾದರೂ ಕಿತ್ತುಹಾಕಬಾರದೆ?”

ಈ ಮಾತಿನಲ್ಲಿ ಕನಿಕರವುಂಟು; ಆದರೆ ತಿಳಿವಳಿಕೆಯಿಲ್ಲ. ಆ ಗಿಡ ಬಂದಳಿಕೆಯಲ್ಲ. ಆ ಒಣ ಎಲೆ ಕಸವೂ ಅಲ್ಲ. ಈ ಎರಡು ತಪ್ಪು ತಿಳಿವಳಿಕೆಗಳಿಂದ ಎಷ್ಟೋ ಮರಗಳ ಮೇಲಿನಿಂದ, ಹತ್ತಾರು ವರ್ಷಗಳ ಬಾಳನ್ನು ಬಾಳಿದ ಗಿಡಗಳು ಕತ್ತಿಯ ತುದಿಗೆ ಸಿಕ್ಕಿ ಕೆಳಕ್ಕೆ ಬಿದ್ದಿವೆ. ಆದಕಾರಣ ಈ ಗಿಡದ ರೂಪವೇನು, ಅದು ಎಲ್ಲಿ ಹೇಗೆ ಬದುಕುತ್ತದೆ, ಅದಕ್ಕೂ ಮರಕ್ಕೂ ಇರುವ ಸಂಬಂಧವೇನು ಎಂಬುದನ್ನು ಈ ಹೊತ್ತು ತಮ್ಮ ಮುಂದೆ ವಿವರಿಸಬೇಕೆಂದಿದ್ದೇನೆ. ನಮ್ಮ ಉದಾಹರಣೆಗಾಗಿ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸೀಮೆಯ ಮತ್ತಿಘಟ್ಟವನ್ನು ಆರಿಸಿಕೊಳ್ಳೋಣ. ಅಡಿಕೆಯ ತೋಟಗಳೂ ಸೊಪ್ಪಿನ ಬೆಟ್ಟಗಳೂ ದಟ್ಟವಾದ ಕಾನುಗಳೂ ಒಂದರ ಮಗ್ಗುಲಲ್ಲಿ ಒಂದು ಇರುವ ಸೀಮೆ ಅದು.

ಮೊದಲು ಬಂದಳಿಕೆಯ ಮಾತನ್ನು ಮುಗಿಸಿಬಿಡೋಣ. ಬಂದಳಿಕೆಯ ಹಣ್ಣನ್ನು ಹಕ್ಕಿ ತಿನ್ನುತ್ತದೆ. ಅಂಟಾದ ಬೀಜ ಕೊಂಬೆಗೆ ಮೆತ್ತಿಕೊಳ್ಳುತ್ತದೆ. ಮೊಳೆತ ಬೀಜ ತನ್ನ ಬೇರನ್ನು ತೊಗಟೆಯೊಳಕ್ಕೆ ತೂರಿಸಿ, ಮರದ ರಸನಾಳಗಳನ್ನು ಮುಟ್ಟಿ, ಅಲ್ಲಿಂದ ನೀರನ್ನೂ ಲವಣಗಳನ್ನೂ ಹೀರಿಕೊಳ್ಳುತ್ತದೆ. ಅದು ನಿಜವಾಗಿಯೂ ಪರಾವಲಂಬಿ. ನಾವು ಹೇಳುತ್ತಿರುವ ಜರೀಗಿಡದ ನಡತೆ ಬೇರೆ. ಅದರ ಬೇರುಗಳು ತೊಗಟೆಯ ಮೇಲ್ಮೈಯನ್ನು ಹಿಡಿದುಕೊಂಡಿರುತ್ತವೆಯೇ ಹೊರತು ಮರದ ಒಳಕ್ಕೆ ಹೋಗುವುದಿಲ್ಲ. ಮರದಿಂದ ಅದು ಬೇಡುವುದು ನಿಲ್ಲುವುದಕ್ಕೆ ಒಂದಿಷ್ಟು ಎಡೆಯನ್ನು ಮಾತ್ರ. ಇದೇ ಗಿಡ ಬಂಡೆಯ ಮೇಲೆಯೂ ಹಳೆಯ ಗೋಡೆಯ ಮೇಲೆಯೂ ಚೆನ್ನಾಗಿ ಬೆಳೆಯುವುದನ್ನು ಕಾಣಬಹುದು. ಬಂಡೆಯಲ್ಲಿ ಹೀರಲು ರಸವೆಲ್ಲಿದೆ? ಈ ಒಂದು ಪ್ರಶ್ನೆಯೇ ಅದರ ಮೇಲಿನ ಅಪವಾದವನ್ನು ಕಳೆಯಲು ಸಾಕು. ಹೀಗೆ ಇನ್ನೊಂದು ಗಿಡದ ಮೈಮೇಲೆ ವಾಸ ಮಾಡಿಕೊಂಡು ಆಹಾರವನ್ನು ಮಾತ್ರ ತಾನೇ ಸಂಪಾದಿಸಿಕೊಳ್ಳುವ ಸಸ್ಯಗಳಿಗೆ ಅಧಿಸಸ್ಯಗಳೆಂದು ಹೆಸರು. ಮಲೆನಾಡಿನವರು ಪ್ರೀತಿಯಿಂದ ನೋಡುವ ಸೀತಾಳೆದಂಡೆಯೂ ಈ ವರ್ಗಕ್ಕೆ ಸೇರಿದ್ದೇ. ಹೂವಿನ ಸೊಬಗಿನಿಂದ ಅದಕ್ಕೆ ಮನ್ನಣೆ ದೊರೆಯಿತು. ಹೂವಿಲ್ಲದ ಜರೀಗಿಡಕ್ಕೆ ಬಂದಳಿಕೆಯೆಂಬ ಬಿರುದು ದೊರೆಯಿತು.

ಶಾಸ್ತ್ರಜ್ಞರು ಈ ಗಿಡವನ್ನು ಡ್ರೈನೇರಿಯ ಕ್ವೆರ್ಸಿಫೋಲಿಯ ಎಂದು ಕರೆಯುತ್ತಾರೆ. ಎರಡು ಪದಗಳಲ್ಲಿಯೂ ಓಕ್ ಮರದ ನೆನಪೇ ಇದೆ. ಮೊದಲನೆಯದು ಗ್ರೀಕ್ ಮೂಲದ್ದು, ಎರಡನೆಯದು ಲ್ಯಾಟಿನ್ ಮೂಲದ್ದು. ಇದರ ಬುಟ್ಟಿಯ ಎಲೆ ಯೂರೋಪಿನ ಓಕ್ ಮರದ ಎಲೆಯಂತೆ ಅಂಚಿನಲ್ಲಿ ಬಾಗುಬಾಗಾಗಿ ಕತ್ತರಿಸಿದ ಹಾಗಿರುವುದೇ ಈ ಹೆಸರಿಗೆ ಕಾರಣ. ಓಕ್ ಮರವಾದರೋ ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಸಹಜವಾಗಿ ಬೆಳೆಯುವುದೇ ಇಲ್ಲ. ತಾನು ನೋಡಿಯೇ ಇಲ್ಲದ ಮರದ ಹೆಸರನ್ನು ಹೊತ್ತುಕೊಂಡು ನಮ್ಮ ಹಲಸಿನ ಮೇಲೆ ಕುಳಿತಿರುವುದು ಈ ಗಿಡದ ಹಣೆಬರಹ! ಸ್ವೀಡನ್ ದೇಶದ ಲಿನೇಯಸ್ 1753ರಲ್ಲಿ ಇದನ್ನು ಪಾಲಿಪೋಡಿಯಂ ಎಂಬ ಕುಲಕ್ಕೆ ಸೇರಿಸಿದ್ದನು. ಇಂಗ್ಲೆಂಡಿನ ಕ್ಯೂ ತೋಟದಲ್ಲಿದ್ದ ಜಾನ್ ಸ್ಮಿತ್ 1841ರಲ್ಲಿ ಇದನ್ನು ಡ್ರೈನೇರಿಯ ಕುಲಕ್ಕೆ ತಂದನು. ಇತ್ತೀಚೆಗೆ ಕೆಲವು ಪಂಡಿತರು ಅಗ್ಲೇಮಾರ್ಫ ಎಂಬ ಕುಲದಲ್ಲಿಡುತ್ತಾರೆ. ಹೆಸರು ಬದಲಾದರೂ ಗಿಡ ಬದಲಾಗದು.

ಆದರೆ ಲಿನೇಯಸನಿಗಿಂತ ಮೊದಲೇ ನಮ್ಮ ಕರಾವಳಿಯ ಜನ ಇದನ್ನು ಬಲ್ಲವರಾಗಿದ್ದರು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತನು ಮಲಬಾರಿನ ಸಸ್ಯಗಳನ್ನು ಕುರಿತು ಬರೆಯಿಸಿದ ಹಾರ್ಟಸ್ ಮಲಬಾರಿಕಸ್ ಎಂಬ ಹನ್ನೆರಡು ಸಂಪುಟಗಳ ಮಹಾಗ್ರಂಥ 1678ರಿಂದ ಮೊದಲಾಗಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ಮಲೆಯಾಳದ ವೈದ್ಯನೂ, ರಂಗಭಟ್ಟ, ವಿನಾಯಕಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿಗರೂ ಅದಕ್ಕೆ ನೆರವಾದರು. ಆ ಗ್ರಂಥದಲ್ಲಿ ಈ ಗಿಡ ಪನ್ನ ಕೆಳಂಗು ಮರವಾರ ಎಂಬ ಹೆಸರಿನಿಂದ ಬಂದಿದೆ. ಮಲೆಯಾಳದಲ್ಲಿ ಪನ್ನ ಎಂದರೆ ಜರೀಗಿಡ. ಕೆಳಂಗು ಎಂದರೆ ಗೆಡ್ಡೆ. ಮರವಾರವೆಂಬ ಹೆಸರನ್ನು ಆ ಗ್ರಂಥ ಮರದ ಮೇಲಿರುವ ಹಲವು ಗಿಡಗಳಿಗೆ ಬಳಸುತ್ತದೆ. ಗಿಡದ ಜಾತಿ, ದಂಟಿನ ಲಕ್ಷಣ, ವಾಸದ ಸ್ಥಳ, ಈ ಮೂರನ್ನೂ ಒಂದೇ ಹೆಸರಿನಲ್ಲಿ ಹೇಳಿದ ಆ ಜನರ ಕಣ್ಣು ಎಷ್ಟು ಚುರುಕಾಗಿತ್ತು!

ಇನ್ನು ಗಿಡದ ಅಂಗಗಳನ್ನು ನೋಡೋಣ. ಮರದ ತೊಗಟೆಯ ಮೇಲೆ ಹೆಬ್ಬೆರಳಿನಷ್ಟು, ಕೆಲವೊಮ್ಮೆ ಇನ್ನೂ ದಪ್ಪನಾದ, ರಸಭರಿತವಾದ ದಂಟು ಹಾವಿನಂತೆ ತೆವಳಿಕೊಂಡು ಹೋಗುತ್ತದೆ. ಅದರ ಮೈತುಂಬಾ ಕಂದು ಬಣ್ಣದ ನವಿರಾದ ಹುರುಪೆಗಳು ಒತ್ತಾಗಿ ಹೊದ್ದಿರುತ್ತವೆ. ಮುಟ್ಟಿದರೆ ಕುರಿಯ ಕಾಲನ್ನು ಮುಟ್ಟಿದಂತಾಗುತ್ತದೆ. ಗಿಡದ ಜೀವವೆಲ್ಲಾ ಇರುವುದು ಈ ದಂಟಿನಲ್ಲಿ. ಇದರಿಂದ ಎರಡು ಬಗೆಯ ಎಲೆಗಳು ಹೊರಡುತ್ತವೆ. ಒಂದೇ ಗಿಡದಲ್ಲಿ ಎರಡು ರೂಪದ, ಎರಡು ಕೆಲಸದ ಎಲೆಗಳಿರುವುದೇ ಇದರ ಮುಖ್ಯವಾದ ವಿಶೇಷ.

ಮೊದಲನೆಯ ಬಗೆಯ ಎಲೆಗೆ ತೊಟ್ಟಿಲ್ಲ. ಅದು ಒಂದು ಗೇಣಿನಷ್ಟು ಉದ್ದ, ಅಂಗೈಗಿಂತ ಅಗಲ. ದಂಟಿಗೆ ಅಂಟಿಕೊಂಡೇ ಹುಟ್ಟಿ, ಮರದ ಮೈಗೆ ಎದುರಾಗಿ ಮೇಲ್ಮುಖವಾಗಿ ನಿಲ್ಲುತ್ತದೆ. ಎಳೆಯದಾಗಿರುವಾಗ ಹಸುರಾಗಿಯೇ ಇರುತ್ತದೆ. ಆದರೆ ಬಹು ಬೇಗನೆ ಪತ್ರಹರಿತ್ತನ್ನು ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗಿ, ಕಾಗದದಂತೆ ಗರಿಗರಿಯಾಗುತ್ತದೆ. ಒಣಗಿದ ಮೇಲೆ ಉಳಿದ ಗಿಡಗಳ ಎಲೆ ಉದುರುವುದು ಲೋಕರೂಢಿ. ಈ ಎಲೆ ಮಾತ್ರ ಉದುರದು, ಸುಲಭವಾಗಿ ಕೊಳೆಯದು. ವರ್ಷಗಟ್ಟಲೆ ತನ್ನ ಜಾಗದಲ್ಲಿಯೇ ಭದ್ರವಾಗಿ ನಿಂತಿರುತ್ತದೆ. ಒಂದರ ಪಕ್ಕಕ್ಕೆ ಒಂದು, ಒಂದರ ಮೇಲೆ ಒಂದು ಇಂಥ ಎಲೆಗಳು ಸೇರಿ ಬುಟ್ಟಿಯಾಗುತ್ತದೆ. ಇದನ್ನು ಗೂಡಿನ ಎಲೆಯೆನ್ನಬಹುದು.

ಎರಡನೆಯ ಬಗೆಯದು ಹಸುರಾದ ಗರಿ. ಅದಕ್ಕೆ ಉದ್ದವಾದ ತೊಟ್ಟುಂಟು. ಎರಡು ಮೂರು ಅಡಿ, ಅನುಕೂಲವಾದ ಸ್ಥಳದಲ್ಲಿ ಅದಕ್ಕೂ ಹೆಚ್ಚಾಗಿ ಬೆಳೆಯುತ್ತದೆ. ನಡುನರದ ಎರಡು ಕಡೆಯಲ್ಲಿಯೂ ಆಳವಾಗಿ ಸೀಳಿ, ಬೆರಳುಗಳಂತೆ ಹೋಳುಹೋಳಾಗಿರುತ್ತದೆ. ಬಿಸಿಲನ್ನು ಹಿಡಿದು ಆಹಾರವನ್ನು ತಯಾರಿಸುವುದೂ, ಸಂತಾನಕ್ಕೆ ಬೇಕಾದ ಬೀಜಾಣುಗಳನ್ನು ಹೊರುವುದೂ ಈ ಗರಿಯ ಕೆಲಸ. ಮನೆಯಲ್ಲಿ ಒಬ್ಬರು ಒಲೆಯ ಮುಂದೆ, ಒಬ್ಬರು ಉಗ್ರಾಣದಲ್ಲಿ ದುಡಿಯುವಂತೆ ಈ ಎರಡು ಬಗೆಯ ಎಲೆಗಳು ಕೆಲಸವನ್ನು ಹಂಚಿಕೊಂಡಿವೆ.

ಒಣಗಿದ ಎಲೆಯಿಂದ ಗಿಡಕ್ಕೇನು ಲಾಭವೆಂದು ತಾವು ಕೇಳಬಹುದು. ಉತ್ತರವನ್ನು ಮತ್ತಿಘಟ್ಟದ ಯಾವ ತೋಟಿಗರಾದರೂ ಕೊಟ್ಟಾರು. ಆ ಸೀಮೆಯಲ್ಲಿ ಅಡಿಕೆಯ ತೋಟಕ್ಕೆ ಗೊಬ್ಬರವಾಗುವುದು ಬೆಟ್ಟದ ಸೊಪ್ಪು ಮತ್ತು ದರಕು. ಸೊಪ್ಪನ್ನು ಕಡಿದು ತಂದು ಕೊಟ್ಟಿಗೆಯಲ್ಲಿ ಹಾಸುತ್ತಾರೆ. ಉದುರಿದ ದರಕನ್ನು ಗುಡಿಸಿ ಹೊತ್ತು ತರುತ್ತಾರೆ. ಸಗಣಿಯೊಡನೆ ಗುಂಡಿಯಲ್ಲಿ ಕೊಳೆತ ಮೇಲೆ ಅದು ತೋಟಕ್ಕೆ ಹೋಗುತ್ತದೆ. ಇದಕ್ಕಾಗಿಯೇ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಇಂಗ್ಲಿಷರ ಆಳ್ವಿಕೆಯ ಕಾಲದಿಂದಲೂ ಬಂದಿದೆ. ನಮ್ಮ ಜರೀಗಿಡ ಮಾಡುವುದೂ ಇದನ್ನೇ. ಮೇಲಿನಿಂದ ಬೀಳುವ ಮರದ ಎಲೆ, ತೊಗಟೆಯ ಚೂರು, ಹಕ್ಕಿಯ ಹಿಕ್ಕೆ, ಸತ್ತ ಹುಳು, ಗಾಳಿ ತಂದ ಧೂಳು, ಎಲ್ಲವೂ ಗೂಡಿನ ಎಲೆಗಳ ಹಿಂದೆ ಬಂದು ಸೇರುತ್ತವೆ. ಅಲ್ಲಿಯೇ ನೆನೆದು ಕೊಳೆತು ಕಪ್ಪಾದ ಮಣ್ಣಾಗುತ್ತವೆ. ಗಿಡ ತನ್ನ ಬೇರುಗಳನ್ನು ಆ ಮಣ್ಣಿನೊಳಕ್ಕೆ ಇಳಿಸಿ ಸಾರವನ್ನು ತೆಗೆದುಕೊಳ್ಳುತ್ತದೆ. ನೆಲದಿಂದ ಮೂವತ್ತು ನಲವತ್ತು ಅಡಿ ಎತ್ತರದಲ್ಲಿ ಗುದ್ದಲಿಯಿಲ್ಲದೆ, ಹೆಡಿಗೆಯಿಲ್ಲದೆ, ಆಳಿಲ್ಲದೆ ನಡೆಯುವ ಗೊಬ್ಬರಗುಂಡಿ ಇದು! ಅದರ ಗೋಡೆಗಳೇ ಆ ಒಣ ಎಲೆಗಳು. ಕಸವೆಂದು ಅವನ್ನು ಕಿತ್ತೆಸೆದರೆ ಗಿಡದ ಉಗ್ರಾಣವನ್ನೇ ಸೂರೆಮಾಡಿದಂತೆ.

ಗೊಬ್ಬರವೇನೋ ಸಿಕ್ಕಿತು; ನೀರಿಗೆ ಏನು ಗತಿ? ನೆಲದ ಗಿಡಕ್ಕೆ ಮಳೆ ನಿಂತ ಮೇಲೆಯೂ ಮಣ್ಣಿನಲ್ಲಿ ತೇವ ಉಳಿದಿರುತ್ತದೆ. ಕೊಂಬೆಯ ಮೇಲೆ ಬಿದ್ದ ನೀರು ಕ್ಷಣದಲ್ಲಿ ಹರಿದುಹೋಗುತ್ತದೆ. ಮಲೆನಾಡಿನಲ್ಲಿ ಮಳೆಗೆ ಕೊರತೆಯೇ ಎಂದು ಪಟ್ಟಣದವರಾದ ನಮಗೆ ಅನ್ನಿಸಬಹುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊರತೆಯಿಲ್ಲ, ನಿಜ. ಆದರೆ ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಒಂದು ಹನಿಯೂ ಬೀಳದೆ ಹೋಗುವುದುಂಟು. ಅದೇ ಹೊತ್ತಿನಲ್ಲಿ ಮತ್ತಿ ಮುಂತಾದ ಮರಗಳ ಎಲೆಯೂ ಉದುರಿ, ಅದುವರೆಗೆ ನೆರಳಿನಲ್ಲಿದ್ದ ಗಿಡದ ಮೇಲೆ ಉರಿಬಿಸಿಲು ನೇರವಾಗಿ ಬೀಳುತ್ತದೆ. ಮರದ ಮೇಲಣ ಬಾಳು ಎಂದರೆ ವರ್ಷದಲ್ಲಿ ನಾಲ್ಕು ತಿಂಗಳು ಪ್ರಳಯ, ನಾಲ್ಕು ತಿಂಗಳು ಮರುಭೂಮಿ.

ಈ ಕಷ್ಟಕ್ಕೆ ಗಿಡ ಕಂಡುಕೊಂಡಿರುವ ಉಪಾಯಗಳನ್ನು ತಿಳಿಯಬೇಕಾದರೆ ಮತ್ತಿಘಟ್ಟಕ್ಕೆ ಎರಡು ಸಲ ಹೋಗಬೇಕು. ಶ್ರಾವಣದಲ್ಲಿ ಹೋದರೆ ಗರಿಗಳೆಲ್ಲಾ ಹಚ್ಚಹಸುರಾಗಿ ನೀರು ತೊಟ್ಟಿಕ್ಕುತ್ತಿರುತ್ತವೆ. ಹೊಸ ಗರಿಗಳು ಪಿಟೀಲಿನ ತಲೆಯಂತೆ ಸುರುಳಿ ಸುತ್ತಿಕೊಂಡು ಮೇಲೇಳುತ್ತಿರುತ್ತವೆ. ಫಾಲ್ಗುಣ ಚೈತ್ರಗಳಲ್ಲಿ ಹೋದರೆ ಅದೇ ಗಿಡದ ಗುರುತೇ ಸಿಕ್ಕುವುದಿಲ್ಲ. ಗರಿಯ ಹೋಳುಗಳು ನಡುನರದಿಂದ ಕಳಚಿಕೊಂಡು ಒಂದೊಂದಾಗಿ ಉದುರಿಹೋಗಿ, ಬರಿಯ ಕಡ್ಡಿಗಳು ಮಾತ್ರ ಬುಟ್ಟಿಯ ಮೇಲೆ ನಿಂತಿರುತ್ತವೆ. ಸತ್ತುಹೋಯಿತೆಂದು ನೋಡಿದವರು ತಿಳಿಯುತ್ತಾರೆ. ಸತ್ತಿಲ್ಲ, ಖರ್ಚನ್ನು ಕಡಿಮೆಮಾಡಿಕೊಂಡಿದೆ. ಎಲೆಯಿದ್ದರೆ ತಾನೆ ನೀರು ಆವಿಯಾಗಿ ಹೋಗುವುದು? ಎಲೆಯನ್ನು ಕಳೆದುಕೊಂಡು, ದಪ್ಪನಾದ ದಂಟಿನಲ್ಲಿ ಕೂಡಿಟ್ಟ ನೀರಿನಿಂದ ಅದು ಬೇಸಗೆಯನ್ನು ಕಳೆಯುತ್ತದೆ. ದಂಟಿನ ಮೇಲಣ ಹುರುಪೆಗಳು ಕಂಬಳಿಯಂತೆ ಬಿಸಿಲನ್ನು ತಡೆಯುತ್ತವೆ. ಗೂಡಿನೊಳಗಣ ಕಪ್ಪು ಮಣ್ಣು ಒದ್ದೆ ಬಟ್ಟೆಯಂತೆ ತೇವವನ್ನು ಬಹು ದಿನ ಹಿಡಿದಿರುತ್ತದೆ. ಮುಂಗಾರಿನ ಮೊದಲ ಮಳೆಗಳು ಬಿದ್ದಕೂಡಲೆ ದಂಟಿನ ತುದಿ ಮತ್ತೆ ಚಿಗುರುತ್ತದೆ.

ಇದೇ ಕಾಡಿನ ಬೇರೆ ಜರೀಗಿಡಗಳು ಇದೇ ಪ್ರಶ್ನೆಗೆ ಬೇರೆ ಉತ್ತರಗಳನ್ನು ಕಂಡುಕೊಂಡಿವೆ. ಪೈರೋಸಿಯ ಕುಲದ ಗಿಡಗಳ ಎಲೆ ಚರ್ಮದಂತೆ ದಪ್ಪ, ಅದರ ಅಡಿಯಲ್ಲಿ ನಕ್ಷತ್ರದಾಕಾರದ ರೋಮಗಳ ಹೊದಿಕೆ. ಆ ಕುಲದ ಕೆಲವು ಜಾತಿಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ಮಾತ್ರ ಗಾಳಿಯನ್ನು ಒಳಕ್ಕೆ ತೆಗೆದುಕೊಳ್ಳುತ್ತವೆ. ಪಾಪಾಸುಕಳ್ಳಿಯ ನಡತೆಯೂ ಇದೇ. ಹೊಳೆಯ ಬದಿಯ ಸದಾ ನೆರಳಿನ ಮರಗಳ ಮೇಲೆ, ಒಂದೇ ಜೀವಕಣದಷ್ಟು ತೆಳುವಾದ ಎಲೆಯ ಪುಟ್ಟ ಜರೀಗಿಡಗಳೂ ಉಂಟು. ಅವು ಒಣಗಿ ಮುದುಡಿ, ಮಳೆ ಬಂದಾಗ ಮತ್ತೆ ಬಿಚ್ಚಿಕೊಳ್ಳುತ್ತವೆ.

ಇನ್ನು ಸಂತಾನದ ಮಾತು. ಜರೀಗಿಡಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಬಲಿತ ಗರಿಯನ್ನು ತಿರುಗಿಸಿ ನೋಡಿದರೆ ಅಡಿಭಾಗದಲ್ಲಿ ಕಂದು ಬಣ್ಣದ ಚುಕ್ಕೆಗಳು ಕಾಣುತ್ತವೆ. ನಮ್ಮ ಗಿಡದಲ್ಲಿ ಪಕ್ಕದ ನರಗಳ ನಡುವೆ ಎರಡೆರಡು ಸಾಲಾಗಿ ಅಚ್ಚುಕಟ್ಟಾಗಿ ಜೋಡಿಸಿಟ್ಟಂತೆ ಅವು ಇರುತ್ತವೆ. ಎಷ್ಟೋ ಜನ ಇದನ್ನು ರೋಗವೆಂದು ತಿಳಿದು, ಮನೆಯ ಜಗುಲಿಯ ಕುಂಡದಲ್ಲಿನ ಜರೀಗಿಡದ ಒಳ್ಳೆಯ ಎಲೆಗಳನ್ನು ಕತ್ತರಿಸಿಹಾಕುತ್ತಾರೆ. ರೋಗವಲ್ಲ, ಒಂದೊಂದು ಚುಕ್ಕೆಯೂ ಹಲವಾರು ಬೀಜಾಣುಕೋಶಗಳ ಗುಂಪು. ಒಂದೊಂದು ಕೋಶದಲ್ಲಿ ಸಾಮಾನ್ಯವಾಗಿ 64 ಬೀಜಾಣುಗಳು. ಒಂದು ಗರಿಯಿಂದ ಲಕ್ಷಗಟ್ಟಲೆ ಬೀಜಾಣುಗಳು ಹೊರಡುತ್ತವೆ.

ಆ ಕೋಶ ಬೀಜಾಣುಗಳನ್ನು ಎಸೆಯುವ ಬಗೆ ಒಂದು ಯಂತ್ರದಂತಿದೆ. ಕೋಶದ ಬೆನ್ನಿನ ಮೇಲೆ ಹನ್ನೆರಡು ಹದಿಮೂರು ಜೀವಕಣಗಳ ಒಂದು ಉಂಗುರವಿರುತ್ತದೆ. ಅವುಗಳ ಒಳಗೋಡೆ ದಪ್ಪ, ಹೊರಗೋಡೆ ತೆಳು. ಗಾಳಿ ಒಣಗಿದಾಗ ಒಳಗಿನ ನೀರು ತೆಳುಗೋಡೆಯ ಮೂಲಕ ಆವಿಯಾಗುತ್ತದೆ. ಉಳಿದ ನೀರು ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಉಂಗುರ ಹಿಂದಕ್ಕೆ ಬಾಗಿ ಕೋಶ ಬಾಯಿ ತೆರೆಯುತ್ತದೆ. ಎಳೆತ ಒಂದು ಮಿತಿಯನ್ನು ಮೀರಿದಾಗ ನೀರಿನಲ್ಲಿ ಥಟ್ಟನೆ ಗುಳ್ಳೆಗಳೆದ್ದು ಹಿಡಿತ ಕಡಿದುಹೋಗುತ್ತದೆ. ಉಂಗುರ ಕವಣೆಯಂತೆ ಮುಂದಕ್ಕೆ ಸಿಡಿದು ಬೀಜಾಣುಗಳನ್ನು ಗಾಳಿಗೆ ಎಸೆಯುತ್ತದೆ. ಗಾಳಿ ಒಣಗಿರುವಾಗಲೇ ಹೀಗಾಗುವುದರಿಂದ ಧೂಳಿನಷ್ಟು ಹಗುರವಾದ ಆ ಬೀಜಾಣುಗಳು ಬಹು ದೂರ ಹೋಗಬಲ್ಲುವು. ಸಿಂಹಳದಿಂದ ಫಿಜಿ ದ್ವೀಪಗಳವರೆಗೆ, ಆಸ್ಟ್ರೇಲಿಯದ ಉತ್ತರಭಾಗದವರೆಗೆ ಈ ಒಂದೇ ಜಾತಿ ಹರಡಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಬೀಜಾಣು ಬಿದ್ದಲ್ಲೆಲ್ಲಾ ಜರೀಗಿಡ ಹುಟ್ಟುವುದಿಲ್ಲ. ಬೀಜಾಣುವಿನಿಂದ ಮೊದಲು ಹುಟ್ಟುವುದು ತಾಯಿಗಿಡವನ್ನು ಹೋಲದ, ಉಗುರಿಗಿಂತ ಚಿಕ್ಕದಾದ, ಹೃದಯದಾಕಾರದ ಒಂದು ಹಸುರು ಹಾಳೆ. ಗಂಡು ಹೆಣ್ಣು ಅಂಗಗಳಿರುವುದು ಈ ಹಾಳೆಯ ಅಡಿಯಲ್ಲಿ. ಗಂಡು ಕಣಗಳು ನೀರಿನಲ್ಲಿ ಈಜಿಕೊಂಡೇ ಹೆಣ್ಣು ಕಣವನ್ನು ಸೇರಬೇಕು. ತೊಗಟೆಯ ಮೇಲೆ ನೀರಿನ ಒಂದು ತೆಳುಪದರವಾದರೂ ಇಲ್ಲದೆ ಮುಂದಿನ ಪೀಳಿಗೆಯಿಲ್ಲ. ಈ ಗುಟ್ಟು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1848ರಲ್ಲಿ ಪೋಲೆಂಡಿನ ಸುಮಿನ್‌ಸ್ಕಿ ಎಂಬಾತನು ಈ ಹಾಳೆಯ ಮೇಲೆ ಹೆಣ್ಣು ಅಂಗಗಳನ್ನು ಕಂಡನು. 1851ರಲ್ಲಿ ಹಾಫ್‌ಮೈಸ್ಟರನು ಪಾಚಿ, ಜರೀಗಿಡ, ಬೀಜದ ಗಿಡ ಎಲ್ಲವುಗಳಲ್ಲಿಯೂ ಹೀಗೆ ಎರಡು ಪೀಳಿಗೆಗಳು ಒಂದರ ಮೇಲೊಂದು ಬರುವುದನ್ನು ತೋರಿಸಿಕೊಟ್ಟನು. ಆತನು ಲೈಪ್ಸಿಗ್ ನಗರದಲ್ಲಿ ಸಂಗೀತದ ಪುಸ್ತಕಗಳ ವ್ಯಾಪಾರದಲ್ಲಿದ್ದವನು. ಸಸ್ಯಶಾಸ್ತ್ರವನ್ನು ಬೆಳಗಿನ ಜಾವದ ಬಿಡುವಿನಲ್ಲಿ ತಾನೇ ಕಲಿತುಕೊಂಡವನು.

ಈ ಸಂಗತಿಯಿಂದ ಒಂದು ಮುಖ್ಯವಾದ ತೀರ್ಮಾನ ಹೊರಡುತ್ತದೆ. ಗಿಡ ದೊಡ್ಡದಾದ ಮೇಲೆ ಬಿಸಿಲನ್ನು ತಡೆದೀತು. ಆದರೆ ಅದರ ಬಾಲ್ಯಕ್ಕೆ ತೇವವಾದ, ಪಾಚಿ ಹಿಡಿದ, ಒರಟು ತೊಗಟೆ ಬೇಕು. ಮತ್ತಿಯ ಮರವನ್ನು ನೋಡಿದವರು ಅದರ ತೊಗಟೆಯನ್ನು ಮರೆಯಲಾರರು. ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಆಳವಾಗಿ ಬಿರಿದಿರುತ್ತದೆ. ಬೀಜಾಣು ತಂಗುವುದಕ್ಕೂ, ಪಾಚಿ ಬೆಳೆಯುವುದಕ್ಕೂ, ನೀರು ನಿಲ್ಲುವುದಕ್ಕೂ ಆ ಬಿರುಕುಗಳಿಗಿಂತ ಒಳ್ಳೆಯ ಸ್ಥಳ ಬೇರೆ ಬೇಕೆ? ಊರಿನ ಹೆಸರಿನಲ್ಲಿಯೇ ಆ ಮರದ ಹೆಸರು ಕೇಳಿಬರುತ್ತಿರುವುದನ್ನು ತಾವು ಗಮನಿಸಿರಬಹುದು. ಹಲಸು, ಮಾವು ಮುಂತಾದ ಮುದಿಮರಗಳ ಕವಲುಗಳೂ ಇಂಥ ಆಶ್ರಯವನ್ನು ಕೊಡುತ್ತವೆ. ಮರಕ್ಕೆ ವಯಸ್ಸಾದಷ್ಟೂ ಅದರ ಮೇಲಿನ ನಿವಾಸಿಗಳ ಸಂಖ್ಯೆ ಹೆಚ್ಚುತ್ತದೆ.

ನಿವಾಸಿಗಳೆಂದೆ. ಜರೀಗಿಡದ ಗೂಡು ಜರೀಗಿಡಕ್ಕೆ ಮಾತ್ರ ಮನೆಯಲ್ಲ. ಇರುವೆ, ಜೇಡ, ಶತಪದಿ, ಬಗೆಬಗೆಯ ಹುಳುಗಳು ಆ ಮಣ್ಣಿನಲ್ಲಿ ನೆಲೆಸುತ್ತವೆ. ಆರ್ಕಿಡ್ಡುಗಳೂ ಬೇರೆ ಜರೀಗಿಡಗಳೂ ಅದರಲ್ಲಿಯೇ ಬೇರೂರುತ್ತವೆ. ಇದೇ ರೀತಿ ಕಸವನ್ನು ಕೂಡಿಡುವ ಇನ್ನೊಂದು ಜರೀಗಿಡವನ್ನು ಬೋರ್ನಿಯೋ ದ್ವೀಪದ ಕಾಡಿನಲ್ಲಿ ಪರೀಕ್ಷಿಸಿದ ಎಲ್‌ವುಡ್ ಮತ್ತು ಫಾಸ್ಟರ್ ಎಂಬ ವಿಜ್ಞಾನಿಗಳು 2004ರಲ್ಲಿ ಒಂದು ವಿಷಯವನ್ನು ಪ್ರಕಟಿಸಿದರು. ಆ ಗಿಡಗಳ ಒಳಗಿರುವ ಕೀಟಾದಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಮರಗಳ ನೆತ್ತಿಯಲ್ಲಿ ವಾಸಿಸುವ ಇಂಥ ಜೀವಿಗಳ ಒಟ್ಟು ತೂಕದ ಅಂದಾಜನ್ನು ಸುಮಾರು ಎರಡರಷ್ಟು ಮಾಡಬೇಕಾಗುತ್ತದೆಂದು ಅವರು ಕಂಡರು. ಅಂದಮೇಲೆ ಮರದಿಂದ ಒಂದು ಗೂಡನ್ನು ಕಿತ್ತರೆ ಒಂದು ಗಿಡವನ್ನು ಕಿತ್ತಂತಲ್ಲ, ಒಂದು ಕೇರಿಯನ್ನು ಎಬ್ಬಿಸಿದಂತೆ.

ಜರೀಗಿಡಗಳ ವಂಶ ಭೂಮಿಯ ಮೇಲೆ 35 ಕೋಟಿ ವರ್ಷಗಳಿಗಿಂತಲೂ ಹಳೆಯದು. ಹೂವಿನ ಗಿಡಗಳು ಹುಟ್ಟಿ ಹಬ್ಬಿದಾಗ ಇವು ಸೋತು ಮೂಲೆ ಸೇರಿದುವೆಂದು ಹಿಂದೆ ಭಾವಿಸುತ್ತಿದ್ದರು. 2004ರಲ್ಲಿಯೇ ಪ್ರಕಟವಾದ ಇನ್ನೊಂದು ಸಂಶೋಧನೆಯಿಂದ ಬೇರೆ ಸಂಗತಿ ತಿಳಿಯಿತು. ಇಂದಿನ ಜರೀಗಿಡಗಳಲ್ಲಿ ಹೆಚ್ಚಿನವು ಹೂಮರಗಳ ಕಾಡು ಬೆಳೆದ ಮೇಲೆ, ಆ ಕಾಡಿನ ನೆರಳನ್ನೇ ಆಶ್ರಯಿಸಿ, ಹೊಸದಾಗಿ ಕವಲೊಡೆದವು. ಅಂದರೆ ನಮ್ಮ ಗಿಡ ಪುರಾತನ ವಂಶದ್ದಾದರೂ ಅದರ ಬಾಳು ಮರವನ್ನೇ ನಂಬಿದ್ದು. ಮರ ಹೋದರೆ ಅದಕ್ಕೆ ಹಿಂದಕ್ಕೆ ಹೋಗುವ ನೆಲವಿಲ್ಲ.

ಮರ ಹೋಗುವ ಮಾತು ಶಿರಸಿಯ ಸೀಮೆಯಲ್ಲಿ ಕೇವಲ ಊಹೆಯಾಗಿರಲಿಲ್ಲ. ಸಹಜವಾದ ಕಾಡನ್ನು ಕಡಿದು ಸಾಗುವಾನಿಯಂಥ ಒಂದೇ ಜಾತಿಯ ಮರಗಳನ್ನು ನೆಡುವ ಕೆಲಸ ಅಲ್ಲಿ ಬಹುಕಾಲ ನಡೆಯಿತು. 1983ರ ಸೆಪ್ಟೆಂಬರ್ ತಿಂಗಳಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರೂ ಹೆಂಗಸರೂ ಕಾಡಿಗೆ ಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳ್ತನದಲ್ಲಿ ಬೆಳೆದ ಆ ಅಪ್ಪಿಕೋ ಚಳವಳಿಯ ಹೆಸರು ದೇಶದಲ್ಲೆಲ್ಲಾ ಹಬ್ಬಿತು. ಅಂದು ಅವರು ಉಳಿಸಿದ್ದು ಮರಗಳನ್ನು ಮಾತ್ರವೆಂದು ತಿಳಿಯಬಾರದು. ಒಂದು ನೆಡುತೋಪನ್ನು ಕೆಲವು ವರ್ಷಗಳಲ್ಲಿ ಬೆಳೆಸಬಹುದು. ಮರದ ಮೇಲೆ ತೊಗಟೆ ಬಿರಿದು, ಪಾಚಿ ಹಿಡಿದು, ಹಾಳೆ ಹುಟ್ಟಿ, ಜರೀಗಿಡ ಬೆಳೆದು, ಬುಟ್ಟಿಯಲ್ಲಿ ಮಣ್ಣು ತುಂಬಬೇಕಾದರೆ ಒಂದು ತಲೆಮಾರು ಸಾಲದು. ಮುಂದೆ 2011ರಲ್ಲಿ ಶಿರಸಿ, ಸಿದ್ದಾಪುರಗಳ ಕಡೆಯ ಸುಮಾರು 300 ಚದರ ಕಿಲೋಮೀಟರು ಕಾಡು ಸಿಂಗಳೀಕನ ಹೆಸರಿನಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವಾಯಿತು. ಸಿಂಗಳೀಕನ ಜೊತೆಗೆ, ಹೆಸರಿಲ್ಲದ ಇಂಥ ಎಷ್ಟೋ ಗಿಡಗಳಿಗೂ ಅದರಿಂದ ಆಸರೆಯಾಯಿತು.

ಇನ್ನು ಸೊಪ್ಪಿನ ಬೆಟ್ಟದ ಪ್ರಶ್ನೆ. ಸೊಪ್ಪಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಆ ಸೀಮೆಯ ಬಾಳಿಲ್ಲ. ಆದಕಾರಣ ಸೊಪ್ಪು ಕಡಿಯಬಾರದೆಂದು ಪಟ್ಟಣದಲ್ಲಿ ಕುಳಿತು ಉಪದೇಶಿಸುವುದು ಸುಲಭ, ನ್ಯಾಯವಲ್ಲ. ಆದರೆ ವರ್ಷವರ್ಷವೂ ಎಲ್ಲಾ ಮರಗಳನ್ನೂ ತುದಿಯವರೆಗೆ ಬೋಳಿಸಿದ ಬೆಟ್ಟದಲ್ಲಿ ನೆರಳೂ ತೇವವೂ ಉಳಿಯುವುದಿಲ್ಲ. ನೆರಳಿಲ್ಲದಲ್ಲಿ ಜರೀಗಿಡದ ಎಳೆಯ ಹಾಳೆ ಬದುಕದು. ಸರದಿಯ ಮೇಲೆ ಕಡಿದು, ಗೂಡು ಕಟ್ಟಿದ ಮುದಿಮರಗಳನ್ನು ಹಾಗೆಯೇ ಬಿಟ್ಟರೆ ತೋಟಕ್ಕೂ ನಷ್ಟವಿಲ್ಲ, ಕಾಡಿಗೂ ಉಳಿವುಂಟು.

ಮತ್ತೊಂದು ಅಪಾಯ ಪಟ್ಟಣದ ಕಡೆಯಿಂದಲೇ ಬರುತ್ತದೆ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಈ ಗಿಡದ ದಂಟನ್ನು ಮುಡವಾಟ್ಟುಕಾಲ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಹುರುಪೆ ಹೊದ್ದ ದಂಟು ಆಡಿನ ಕಾಲನ್ನು ಹೋಲುವುದರಿಂದ ಆ ಹೆಸರು. ಅದರ ಸಾರನ್ನು ಕುಡಿದರೆ ಕೀಲುನೋವು ಹೋಗುತ್ತದೆಂಬ ನಂಬಿಕೆ. ಪ್ರಯೋಗಶಾಲೆಗಳಲ್ಲಿ ಇದರ ಗುಣಗಳನ್ನು ಕುರಿತು ಪರೀಕ್ಷೆಗಳು ನಡೆದಿರುವುದು ನಿಜ. ಮನುಷ್ಯರ ಕೀಲುನೋವಿಗೆ ಇದು ಸಿದ್ಧೌಷಧವೆಂದು ಅವುಗಳಿಂದ ಹೇಳುವಂತಿಲ್ಲ. ಎಲೆಯನ್ನು ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ. ದಂಟನ್ನೇ ಕೊಯ್ದರೆ ಮಿಗುವುದೇನು? ಗಿಡದ ನೀರಿನ ಕೊಡವೂ ಆಹಾರದ ಗಂಟೂ ಚಿಗುರುವ ತುದಿಯೂ ಅಲ್ಲಿಯೇ ಇವೆ. ಸಂತೆಯಲ್ಲಿ ಕೈಗೆ ಸಿಕ್ಕುವ ಒಂದು ತುಂಡು, ಕಾಡಿನ ಒಂದು ಮರದ ಮೇಲೆ ಹಲವು ಮಳೆಗಾಲಗಳು ಕೂಡಿಸಿದ ಬದುಕು. ಕೊಳ್ಳುವವರು ಇದನ್ನು ನೆನೆಯಬೇಕು.

ಜರೀಗಿಡದ ಬಗೆಗೆ ಬಲ್ಲವರು ಬರೆದಿಟ್ಟಿದ್ದಾರೆ. ಬೆಡ್ಡೋಮನು 1863–64ರಲ್ಲಿ ದಕ್ಷಿಣಭಾರತದ ಜರೀಗಿಡಗಳನ್ನು ಚಿತ್ರಸಹಿತವಾಗಿ ಪ್ರಕಟಿಸಿದನು. ಉತ್ತರ ಕನ್ನಡ ಮುಂಬಯಿ ಆಧಿಪತ್ಯದಲ್ಲಿದ್ದಾಗ, 1922ರಲ್ಲಿ, ಬ್ಲಾಟರ್ ಮತ್ತು ಡಿ ಆಲ್ಮೇಡ ಎಂಬವರು ಮುಂಬಯಿಯ ಜರೀಗಿಡಗಳನ್ನು ಕುರಿತು ಪುಸ್ತಕ ಬರೆದರು. ಆದರೆ ಪುಸ್ತಕದಲ್ಲಿ ಉಳಿದ ಗಿಡ ಮರದ ಮೇಲೆ ಉಳಿದಂತಾಗಲಿಲ್ಲ. ಅದು ನೋಡುವವರ ಕಣ್ಣನ್ನು ಅವಲಂಬಿಸಿದೆ.

ಶ್ರೋತೃಗಳೆ, ನಮ್ಮ ಪಟ್ಟಣಗಳ ಹಳೆಯ ಮರಗಳ ಮೇಲೆಯೂ ಒಂದಲ್ಲ ಒಂದು ಅಧಿಸಸ್ಯ ಕಣ್ಣಿಗೆ ಬಿದ್ದೀತು. ಮುಂದಿನ ಸಲ ಕಂಡಾಗ ಎರಡು ನಿಮಿಷ ನಿಂತು ನೋಡಿರಿ. ಬೇರು ತೊಗಟೆಯೊಳಕ್ಕೆ ಇಳಿದಿದೆಯೇ, ಮೇಲೆಯೇ ಹಿಡಿದಿದೆಯೇ ಎಂಬುದನ್ನು ಪರೀಕ್ಷಿಸಿರಿ. ಇಳಿದಿದ್ದರೆ ಬಂದಳಿಕೆಯಾದೀತು, ಇಲ್ಲದಿದ್ದರೆ ಅದು ಮರದ ಶತ್ರುವಲ್ಲ, ಬಿಡಾರ ಹೂಡಿದ ನೆಂಟ. ಮನೆಯ ಹಿತ್ತಲಿನ ಮಾವನ್ನು ಶುದ್ಧಮಾಡಲು ಬಂದ ಆಳು ಕತ್ತಿಯನ್ನೆತ್ತಿದಾಗ, “ಅದು ಹಾಗೆಯೇ ಇರಲಪ್ಪ, ಮರಕ್ಕೆ ಅದರಿಂದ ಕೇಡಿಲ್ಲ” ಎಂಬ ಒಂದು ಮಾತು ಸಾಕು. ಮತ್ತಿಘಟ್ಟದ ಕಾಡಿನ ಗಿಡಕ್ಕೆ ಪಟ್ಟಣದವರಾದ ನಾವು ಮಾಡಬಹುದಾದ ಉಪಕಾರ ಅಲ್ಲಿಂದಲೇ ಮೊದಲಾಗುತ್ತದೆ.